ಹುಡುಗರ ಕೇರಿ

ಕಮಲಾಪುರದಲ್ಲಿ ಹೆಂಗಸರು ಕೂಸು ಹಡೆಯುತ್ತಿದ್ದರು. ಗಂಡಸರನ್ನು ಹಡೆಯುತ್ತಿದ್ದುದು ಒಂದು ಕಲ್ಲು.

ಚಾವಡಿಯ ಮುಂದೆ, ಬೇವಿನ ಮರದ ಬುಡದಲ್ಲಿ ಕೂತಿತ್ತು ಅದು. ಕುಂಬಳಕಾಯಿಯಂತೆ ಗುಂಡಗೆ, ಎಮ್ಮೆಯಂತೆ ಕರ್ರಗೆ. ಕಾರಹುಣ್ಣಿಮೆಯ ಮಾರನೆಯ ದಿನ ಅದಕ್ಕೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆಯುತ್ತಿದ್ದರು. ಮೀಸೆ ಚಿಗುರಿದ ಹುಡುಗರು ಒಬ್ಬೊಬ್ಬರಾಗಿ ಬಂದು ಎತ್ತುತ್ತಿದ್ದರು. ಎದೆಯ ಮಟ ಬಂದು, ಅಲ್ಲಿಂದ ಹೆಗಲ ಮೇಲೆ ಹಾದು ಹಿಂದೆ ಬಿದ್ದರೆ ಆಳು. ಇಲ್ಲದಿದ್ದರೆ ಇನ್ನೊಂದು ವರ್ಷ ಹುಡುಗ. ಆಳಾದವನ ತಲೆಗೆ ರುಮಾಲು ಬರುತ್ತಿತ್ತು. ನಿನ್ನೆಯವರೆಗೆ ಮಲ್ಲ್ಯಾ ಇದ್ದವನು ಇವತ್ತು ಮಲ್ಲಣ್ಣ ಆಗುತ್ತಿದ್ದ. ಕೂಲಿಗೆ ಹೋದರೆ ಎರಡು ಸೇರು ಜೋಳ. ಹುಡುಗನಿಗೆ ಬರಿ ತಲೆ, ಅರ್ಧ ಹೆಸರು, ಒಂದು ಸೇರು.

ಇಳಿಜಾರಿನ ಕೆಳಗೆ, ಹಳ್ಳದ ದಂಡೆಗೆ, ಇನ್ನೊಂದು ಕಮಲಾಪುರ ಇತ್ತು. ಊರವರು ಅದನ್ನು ಹೊಲಗೇರಿ ಅನ್ನುತ್ತಿದ್ದರು. ಅಲ್ಲಿದ್ದವರು ಬರೇ ಕೇರಿ ಅನ್ನುತ್ತಿದ್ದರು. ಕೇರಿಯವರು ಕಲ್ಲು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕಲ್ಲಿಗೆ ಮೈಲಿಗೆ. ಮುಟ್ಟದೆ ಎತ್ತುವ ವಿದ್ಯೆಯನ್ನು ಯಾವ ಶರಣರೂ ಕಲಿಸಿ ಹೋಗಿರಲಿಲ್ಲ. ಹೀಗಾಗಿ ಕೇರಿಯಲ್ಲಿ ಗಂಡಸರೇ ಇರಲಿಲ್ಲ. ಇಪ್ಪತ್ತರ ಹುಡುಗ, ಐವತ್ತರ ಹುಡುಗ, ಹಲ್ಲು ಉದುರಿದ ಹುಡುಗ, ಕೋಲು ಊರಿಕೊಂಡು ನಡೆಯುವ ಹುಡುಗ. ಸತ್ತರೂ, "ಕೇರ್ಯಾಗ ಯಾವುದೋ ಹುಡುಗ ಸತ್ತದಂತ" ಅನ್ನುತ್ತಿದ್ದರು.

ಬಿಟ್ಟಿ ಕೆಲಸಕ್ಕೆ ಮಾತ್ರ ಈ ಶಾಸ್ತ್ರ ಇರಲಿಲ್ಲ. ನಿಜಾಮ ಸರಕಾರದ ಸಾಹೇಬರ ಡೇರೆ ಹೊರುವಾಗ, ಸತ್ತ ಎತ್ತು ಎಳೆಯುವಾಗ, ಕೇರಿಯ ಹುಡುಗ ಒಬ್ಬೊಬ್ಬನೂ ಎರಡೆರಡು ಆಳು.

ದೌಲ್ಯಾ ಐವತ್ತು ದಾಟಿದ ಹುಡುಗ. ಮೀಸೆ ಬೆಳ್ಳಗಾಗಿತ್ತು. ಮೂವತ್ತೈದು ವರ್ಷ ಮಾಲಿಪಾಟೀಲ ಕಲ್ಯಾಣಪ್ಪನ ಹೊಲದಲ್ಲಿ ದುಡಿದು, ದಿನಕ್ಕೆ ಒಂದು ಸೇರು ತಂದಿದ್ದ. ಕಲ್ಯಾಣಪ್ಪನೇ ಊರಿಗೆ ಗೌಡ. ದೌಲ್ಯಾನ ಹೆಂಡತಿ ಭೀಮಬಾಯಿ. ಆ ಒಂದು ಸೇರಿನಲ್ಲಿ ಮೂರು ಹೊಟ್ಟೆ ತುಂಬಿಸುವುದು ಅವಳ ವಿದ್ಯೆ. ಮಗ ಅಮೋಘ್ಯಾ.

ಅಮೋಘ್ಯಾ ಹನ್ನೆರಡರವನಿದ್ದಾಗ ಚಾವಡಿಯ ಅಂಗಳ ಗುಡಿಸಲು ಹೋಗಿದ್ದ. ಸುತ್ತ ಯಾರೂ ಕಾಣಲಿಲ್ಲ. ಕಲ್ಲಿನ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಬೆಚ್ಚಗಿತ್ತು, ದನದ ಹೊಟ್ಟೆಯಂತೆ. ಅಷ್ಟೇ. ಗೌಡ ನೋಡಿಬಿಟ್ಟ. ಹೊಡೆಯಬೇಕೆಂದರೆ ಮುಟ್ಟಬೇಕು, ಮುಟ್ಟಿದರೆ ಸ್ನಾನ ಮಾಡಬೇಕು. ಗೌಡನಿಗೆ ನೆಗಡಿ ಬೇರೆ ಆಗಿತ್ತು. ದೌಲ್ಯಾನನ್ನು ಕರೆಸಿದ.

"ಹೊಡಿ ನಿನ್ನ ಮಗನ್ನ. ನಾ ಸಾಕು ಅನ್ನೂತನ ಹೊಡಿ."

ಊರೊಳಗಾಗಲಿ ಊರವರ ಎದುರಿಗಾಗಲಿ ಕೇರಿಯವರು ಕೆರ ಮೆಟ್ಟುವಂತಿರಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ನಡೆಯಬೇಕು. ದೌಲ್ಯಾ ಕಂಕುಳಿಂದ ಕೆರ ತೆಗೆದ. ಗೌಡ ಎಲೆ ಒರೆಸಿಕೊಂಡ, ಸುಣ್ಣ ಹಚ್ಚಿದ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡ, ಸಾವಕಾಶ ಜಗಿದ, ಉಗುಳಿದ. ಆಮೇಲೆ ಸಾಕು ಅಂದ. ಅಲ್ಲಿಯತನಕ ಅಪ್ಪನ ಕೈ ಏಳುತ್ತಿತ್ತು, ಇಳಿಯುತ್ತಿತ್ತು. ಅಪ್ಪನ ಮುಖ ನೋಡಬಾರದೆಂದು ಅಮೋಘ್ಯಾ ಕಲ್ಲನ್ನೇ ನೋಡುತ್ತ ನಿಂತಿದ್ದ.

ಅವತ್ತಿನಿಂದ ಅವನಿಗೆ ಒಂದೇ ಆಸೆ. ಆ ಕಲ್ಲು ಎತ್ತಬೇಕು. ಎಲ್ಲರ ಕಣ್ಣ ಮುಂದೆ. ಎದೆಗಲ್ಲ, ತಲೆಯ ಮೇಲಕ್ಕೆ.

ಹೈದರಾಬಾದಿನಲ್ಲಿ ಮೂಸಿ ಹೊಳೆ ಉಕ್ಕಿ ಊರಿಗೂರೇ ಕೊಚ್ಚಿಹೋದ ವರ್ಷ ಅವನು ಕಲಬುರ್ಗಿಗೆ ಹೋದ. ನಸುಕಿಗೆ ಬಿಟ್ಟು ನಡೆದರೆ ಹೊತ್ತು ಮುಳುಗುವಾಗ ಕೋಟೆ ಕಾಣುತ್ತಿತ್ತು. ರೈಲು ಸ್ಟೇಷನ್ನಿನ ಗೋದಾಮಿನಲ್ಲಿ ಹಮಾಲರು ಬೇಕಾಗಿದ್ದರು. ಹಮಾಲರ ಜಮಾದಾರ ನಬಿಸಾಬ್, ಗಡ್ಡಕ್ಕೆ ಮದರಂಗಿ ಹಚ್ಚಿದ ಮುದುಕ.

"ನಾಮ್ ಕ್ಯಾ ರೇ?"

"ಅಮೋಘ್ಯಾರಿ."

"ಪೂರಾ ಹೇಳಲೇ. ಅರ್ಧಾ ಹೆಸರಿನವ್ರು ಅರ್ಧಾ ಚೀಲ ಹೊರ್ತಾರ."

"ಅಮೋಘ... ಅಮೋಘಪ್ಪ."

ತನ್ನ ಪೂರ್ತಿ ಹೆಸರನ್ನು ಅವನು ಕೇಳಿದ್ದೇ ಮೊದಲು, ಅದೂ ತನ್ನ ಬಾಯಿಂದಲೇ. ಯಾರಾದರೂ ಹೊಡೆಯಲು ಬಂದರೇನೋ ಎಂದು ಹಿಂದೆ ತಿರುಗಿ ನೋಡಿದ.

"ಉಮರ್?"

"ಗೊತ್ತಿಲ್ರಿ. ಹುಡುಗ ಅದೀನಿ."

"ಹುಡುಗಾ? ತಿರುಗು, ಬೆನ್ನ ನೋಡ್ತೀನಿ."

ನಬಿಸಾಬ್ ಬೆನ್ನ ಮೇಲೆ ತೊಗರಿಯ ಚೀಲ ಹೊರಿಸಿದ. ಅಮೋಘ್ಯಾ ಚೀಲ ಸರಿ ಕೂಡಿಸಿಕೊಂಡ. ಹಲಗೆ ಹತ್ತಿದ, ರೈಲಿನ ಡಬ್ಬಿಯೊಳಗೆ ಚೀಲ ಕೆಡವಿದ, ಇಳಿದು ಬಂದ.

"ಚೀಲ ಅಂತದ, ನೀ ಪೂರಾ ಆಳು," ಅಂದ ನಬಿಸಾಬ್. "ಖುಷಿ ಆಯ್ತಾ? ಇನ್ನೂ ನಲವತ್ತು ಅವ, ಹೋಗು."

ಕಲಬುರ್ಗಿ ಕೈಲಾಸವೇನೂ ಆಗಿರಲಿಲ್ಲ. ಬಾವಿಗೆ ಹೋದರೆ ಅಲ್ಲಿಯೂ ಯಾರೋ ಒಬ್ಬರು ಹಗ್ಗ ಎಳೆದುಕೊಳ್ಳುತ್ತಿದ್ದರು. ಹೆಗಲ ತೊಗಲು ಸುಲಿದು ಅಂಗಿಗೆ ಅಂಟುತ್ತಿತ್ತು. ರಾತ್ರಿ ಅಂಗಿ ಬಿಚ್ಚಿದರೆ ತೊಗಲೂ ಜೊತೆಗೇ ಬರುತ್ತಿತ್ತು. ಆದರೆ ಕೂಲಿ ಪೂರ್ತಿ, ಹೆಸರು ಪೂರ್ತಿ. ತಿಂಗಳು ಕಳೆಯುವುದರೊಳಗೆ ಹೆಗಲ ಮೇಲೆ ಎಮ್ಮೆಯ ಗೊರಸಿನಂಥ ಜಡ್ಡು ಬಂತು. ಮುಂಗಾರು ಹತ್ತಿರ ಬಂದಾಗ ಕೋಟೆಯ ಬಳಿಯ ಬಜಾರಿನಲ್ಲಿ ಒಂದು ಕೆಂಪು ರುಮಾಲು ಕೊಂಡ. ಸುತ್ತಿಕೊಂಡು ಅಂಗಡಿಯವನ ಕನ್ನಡಿಯಲ್ಲಿ ನೋಡಿಕೊಂಡ. ಅಂಗಡಿಯವನು, "ಶಾದಿ ಏನಪಾ?" ಅಂದ. "ಇಲ್ರಿ, ಕಾರಹುಣ್ಣಿಮಿ," ಅಂದ ಅಮೋಘ್ಯಾ.

ಊರು ಹತ್ತಿರ ಬರುತ್ತಿದ್ದಂತೆ ರುಮಾಲು ತಲೆಯಿಂದ ಇಳಿಯಿತು. ಒಂದು ಕಂಕುಳಲ್ಲಿ ಕೆರ, ಇನ್ನೊಂದು ಕಂಕುಳಲ್ಲಿ ರುಮಾಲು. ಭೀಮಬಾಯಿ ಅದನ್ನು ನೋಡಿದವಳೇ ಜೋಳದ ಗಡಿಗೆಯೊಳಗೆ ತುರುಕಿದಳು.

"ಯವ್ವಾ, ಹೊಸಾದದ."

"ತಲಿ ಇದ್ರ ರುಮಾಲ ಯಾವಾಗರ ಸುತ್ತಬಹುದು. ಮೊದ್ಲ ತಲಿ ಉಳಿಸ್ಕೊ."

ಆ ವರ್ಷ ಕಲ್ಲು ಎತ್ತಬೇಕಾದವನು ಗೌಡನ ಮಗ ಅಣವೀರ್ಯಾ. ತುಪ್ಪ ಮತ್ತು ತೋಟದ ಕೆಂಪು ಬಾಳೆಹಣ್ಣು ತಿಂದು ಬೆಳೆದವನು. ಹೋದ ವರ್ಷ ಎತ್ತಲು ಆಗಿರಲಿಲ್ಲ, ಅದರ ಹಿಂದಿನ ವರ್ಷ ಹೊಟ್ಟೆನೋವು ಬಂದಿತ್ತು. ಈಗ ಕಲಬುರ್ಗಿಯ ವ್ಯಾಪಾರಸ್ಥರ ಮನೆಯ ಹೆಣ್ಣು ಗೊತ್ತಾಗಿತ್ತು. ಎಂಟು ದಿನಕ್ಕೆ ಮದುವೆಯ ಅಕ್ಕಿಕಾಳು. ಕಲ್ಲು ಎತ್ತದವನಿಗೆ ರುಮಾಲಿಲ್ಲ, ರುಮಾಲಿಲ್ಲದವನು ಮದುಮಗನಾಗುವುದು ಹೇಗೆ? ಕಲ್ಲು ಒಲಿಯಲಿ ಎಂದು ಗೌಡ ಹರಕೆ ಹೊತ್ತ. ಉಳಿದವರು ಒಂದು ಮಿಳ್ಳೆ ಎಣ್ಣೆ ಹಚ್ಚುವ ಕಲ್ಲಿಗೆ ಒಂದು ಗಡಿಗೆ ಕುಸುಬಿ ಎಣ್ಣೆ ಸುರಿಸಿದ.

ಭಕ್ತಿ ಹೆಚ್ಚಾದರೆ ದೇವರಿಗೂ ಜಾರಿಕೆ. ಅಣವೀರ್ಯಾ ತಬ್ಬಿದ, ಮುಕ್ಕಿದ, ಕಣ್ಣು ಹೊರಗೆ ಬಂದವು, ಕಲ್ಲು ಮೊಣಕಾಲು ಬಿಟ್ಟು ಮೇಲೆ ಬಂತು. ಡೊಳ್ಳು ಜೋರಾಯಿತು. ಆಗ ಕಲ್ಲು ಅವನ ಅಪ್ಪುಗೆಯಿಂದ ಮೀನಿನಂತೆ ಜಾರಿತು. ಅವನ ಹೆಬ್ಬೆರಳ ಮೇಲೆ ಒಮ್ಮೆ ಕೂತು, ಅಂಗಳ ದಾಟಿ, ಇಳಿಜಾರು ಹಿಡಿಯಿತು. ಜನ ಹಾದಿ ಬಿಟ್ಟು ಓಡಿದರು. ನಾಯಿಗಳು ಬೊಗಳುತ್ತ ಬೆನ್ನು ಹತ್ತಿದವು. ಕಲ್ಲು ಕೇರಿಗೆ ನುಗ್ಗಿ, ಭೀಮಬಾಯಿಯ ನೀರಿನ ಕೊಡ ಒಡೆದು, ದೌಲ್ಯಾನ ಬಾಗಿಲಲ್ಲಿ, ಹೊಸ್ತಿಲಿಗೆ ಒರಗಿ, ಬೀಗರ ಮನೆಗೆ ಬಂದಂತೆ ಕೂತುಬಿಟ್ಟಿತು.

"ಯಾರೂ ಮುಟ್ಟಬ್ಯಾಡ್ರಿ!" ಕೇರಿಯ ಅಂಚಿನ ಹುಣಸೆಮರದ ಹತ್ತಿರ ನಿಂತು ತಳವಾರ ನಾಗಣ್ಣ ಕೂಗಿದ.

"ಮುಟ್ಟಿದ್ದು ಅದು," ಅಂದಳು ಭೀಮಬಾಯಿ. "ನನ್ನ ಕೊಡಕ್ಕ ಯಾರು ಕೊಡ್ತಾರ?"

ಊರು ಚಾವಡಿಯಲ್ಲಿ ಕೂತು ವಿಚಾರ ಮಾಡಿತು. ಊರವರು ಕೇರಿಗೆ ಇಳಿದರೆ ಮೈಲಿಗೆ. ಕೇರಿಯವರು ಕಲ್ಲು ಮುಟ್ಟಿದರೆ ಮೈಲಿಗೆ. ಕಲ್ಲಿಗೆ ಕಾಲಿಲ್ಲ. ಒಬ್ಬರು ಬೇರೆ ಕಲ್ಲು ತರೋಣ ಅಂದರು. ಬೇರೆ ಕಲ್ಲಿನಿಂದ ಹುಟ್ಟಿದವನನ್ನು ಹಳೆ ಕಲ್ಲಿನಿಂದ ಹುಟ್ಟಿದವರು ಗಂಡಸು ಅಂತ ಒಪ್ಪುತ್ತಾರೆಯೇ? ಹೊತ್ತು ಇಳಿಯುವತನಕ ಶಾಸ್ತ್ರ ಮಥಿಸಿ, ಕೊನೆಗೆ ಬೆಣ್ಣೆ ತೆಗೆದರು: ಬಿಟ್ಟಿಯೆಂದು ಮುಟ್ಟಿದರೆ ಅದು ಮುಟ್ಟಿದಂತಲ್ಲ. ಕೇರಿಯವರೇ ಹೊತ್ತು ತರಲಿ. ಹುಣಸೆಮರದ ಹತ್ತಿರ ಇಳಿಸಲಿ. ಅಲ್ಲಿ ಗಂಜಲ ಹಾಕಿ ತೊಳೆದರಾಯಿತು.

ಮರುದಿನ ಮುಂಜಾನೆ ಗೌಡನೇ ಹುಣಸೆಮರದವರೆಗೆ ಬಂದ. ನಾಗಣ್ಣ ಗಂಜಲದ ಗಡಿಗೆ ಹಿಡಿದು ಪಕ್ಕದಲ್ಲಿ ನಿಂತ. ಕೇರಿ ಪೂರ್ತಿ ಹೊರಗೆ ಬಂತು.

"ಏ ಹುಡುಗಾ ದೌಲ್ಯಾ! ನಿನ್ನ ಮಗ ಕಲಬುರ್ಗ್ಯಾಗ ಚೀಲ ಹೊರ್ತಾನಂತಲ್ಲ. ಕಲ್ಲ ಎತ್ಕೊಂಡು ಬಾ ಅನ್ನು."

ಅಮೋಘ್ಯಾ ಕಲ್ಲಿನ ಮುಂದೆ ನಿಂತ. ಆರು ವರ್ಷ ಕನಸಿನಲ್ಲಿ ಎತ್ತಿದ ಕಲ್ಲು. ಈಗ ಎತ್ತು ಅಂತ ಗೌಡನೇ ಹೇಳುತ್ತಿದ್ದಾನೆ. ಊರು ಮೇಲಿನಿಂದ ನೋಡುತ್ತಿದೆ, ಕೇರಿ ಕೆಳಗಿನಿಂದ ನೋಡುತ್ತಿದೆ. ಹಮಾಲನ ಕಣ್ಣು ತನ್ನಷ್ಟಕ್ಕೆ ತೂಗಿತು. ಥೂ, ಇಷ್ಟೇ ಏನು? ತೊಗರಿ ಚೀಲಕ್ಕಿಂತ ಹಗುರ. ಇಂಥಾದ್ದು ಹೊತ್ತು ಎರಡು ಸಲ ಹಲಗೆ ಹತ್ತಬಹುದು. ಅಂಗೈ ಕೆರೆಯಿತು. ಹೆಗಲ ಜಡ್ಡು ಜುಮ್ಮೆಂದಿತು. ಬಗ್ಗಿದ. ಎರಡೂ ಕೈ ಚಾಚಿದ.

ಬಗ್ಗಿದವನಿಗೆ ನಾಗಣ್ಣನ ಕೈಯಲ್ಲಿದ್ದ ಗಡಿಗೆ ಕಂಡಿತು. ಗಡಿಗೆಯಲ್ಲಿ ಬೇವಿನ ಸೊಪ್ಪು ಅದ್ದಿ ಇಟ್ಟಿದ್ದರು. ಅವನು ಇನ್ನೂ ಮುಟ್ಟಿಯೇ ಇರಲಿಲ್ಲ. ಅವನ ಕೈ ಗುರುತು ತೊಳೆಯಲು ನೀರು ಕಾಯುತ್ತಿತ್ತು. ದನದ ನೀರು.

ಅಮೋಘ್ಯಾ ನೆಟ್ಟಗೆ ನಿಂತ. ಕೈ ಕಟ್ಟಿಕೊಂಡ.

"ಆಗಂಗಿಲ್ರಿ ಗೌಡ್ರ."

"ಯಾಕಲೇ?"

"ಇದು ಆಳಿನ ಕಲ್ಲರಿ. ನಾ ಹುಡುಗ. ಹುಡುಗನ ಕೈಲೆ ಹ್ಯಾಂಗ ಏಳತದ?"

ಕೇರಿಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಗೌಡನ ಕಿವಿ ಕೆಂಪಾಯಿತು.

"ಸೊಕ್ಕಿನ ಸೂಳಿಮಗನ, ಎತ್ತತೀಯೋ ಇಲ್ಲೋ?"

"ಎತ್ತತೀನ್ರಿ. ಎತ್ತಿದ ಮ್ಯಾಲ ನಾ ಆಳು ಹೌದಲ್ರಿ? ಅಲ್ಲೇ ರುಮಾಲ ಸುತ್ಕೋತೀನಿ. ನಾಳಿಂದ ನನಗೂ ನಮ್ಮಪ್ಪಗೂ ಎರಡು ಸೇರು. ಹೌದು ಅನ್ರಿ, ಒಂದ ಕೈಲೆ ತರ್ತೀನಿ."

ಗೌಡ ಹೌದು ಅನ್ನಲಿಲ್ಲ. ಹಳೆಯ ದಾರಿ ಹಿಡಿದ.

"ದೌಲ್ಯಾ! ತಗಿ ಕೆರ. ಹೊಡಿ ನಿನ್ನ ಮಗನ್ನ. ನಾ ಸಾಕು ಅನ್ನೂತನ."

ದೌಲ್ಯಾ ಕಂಕುಳಿಂದ ಕೆರ ತೆಗೆದ. ಅಮೋಘ್ಯಾ ಈ ಸಲ ಕಲ್ಲು ನೋಡಲಿಲ್ಲ, ಅಪ್ಪನ ಮುಖ ನೋಡಿದ. ಹೊಡೆದರೆ ಹೊಡೆಯಲಿ, ನೋಡುತ್ತಲೇ ಹೊಡೆಸಿಕೊಳ್ಳುತ್ತೇನೆ ಅಂದುಕೊಂಡ. ದೌಲ್ಯಾ ಕೆರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನೆಲಕ್ಕೆ ಹಾಕಿದ. ಮೆಟ್ಟಿಕೊಂಡ. ಗೌಡನ ಎದುರಿಗೆ, ಒಂದು ಕಾಲಿಗೆ, ಆಮೇಲೆ ಇನ್ನೊಂದು ಕಾಲಿಗೆ.

"ನಾನೂ ಹುಡುಗ ಅದೀನ್ರಿ ಧಣಿ. ಈಗ ನೀವ ಕರದ್ರಿ. ಹುಡುಗ ಹುಡುಗನ್ನ ಹೊಡದ್ರ ಜಗಳ ಆಗ್ತದ. ದೊಡ್ಡವ್ರು ಬಂದು ಬಿಡಿಸಬೇಕಾಗ್ತದ. ಕೇರ್ಯಾಗ ದೊಡ್ಡವ್ರ ಯಾರದಾರ್ರಿ?"

ಈ ಸಲ ಯಾರೂ ಮೂಗಿನಲ್ಲಿ ನಗಲಿಲ್ಲ. ಬಾಯಿ ತೆರೆದೇ ನಕ್ಕರು.

ಮುಟ್ಟದೆ ಎತ್ತುವ ವಿದ್ಯೆ ಇರಲಿಲ್ಲ. ಮುಟ್ಟದೆ ಹೊಡೆಯುವ ವಿದ್ಯೆ ಇತ್ತು. ಎತ್ತು ಹೊಡೆಯುವ ಬಾರಕೋಲು. ಉದ್ದನೆಯ ತೊಗಲಿನ ಬಾರು. ಆ ಬಾರು ಹೊಸೆದವನು ದೌಲ್ಯಾನೇ. ನಾಗಣ್ಣ ಅಪ್ಪನನ್ನೂ ಮಗನನ್ನೂ ಹುಣಸೆಮರದ ಹತ್ತಿರ ಕರೆಸಿ ಅದರಿಂದ ಬಾರಿಸಿದ. ದೌಲ್ಯಾನ ಬೆನ್ನು ಎರಡು ಕಡೆ ಸೀಳಿತು. ಅಮೋಘ್ಯಾನ ಹೆಗಲ ಜಡ್ಡು ಹರಿದು ರಕ್ತ ಮೊಣಕೈ ತನಕ ಇಳಿಯಿತು. ಕಲ್ಲು ಇದ್ದಲ್ಲೇ ಇತ್ತು. ನಾಗಣ್ಣನ ಕೈ ಸೋತಿತು. "ಮಳಿ ಬರೂದ್ರಾಗ ಕಲ್ಲ ಮ್ಯಾಲ ಬರಬೇಕು," ಅಂದು ಗೌಡ ಹೋದ.

ಮಳೆ ಮೊದಲು ಬಂತು. ಮೂರನೆಯ ದಿನ ಮಿರಗದ ಮಳೆ ಹೊಲ ತೋಯಿಸಿ ಬಿತ್ತನೆಗೆ ಹದ ಮಾಡಿತು. ನಾಗಣ್ಣ ಹುಣಸೆಮರದ ಹತ್ತಿರ ನಿಂತು ಕೂಗಿದ. "ಬಿತ್ತಾಕ ಬರ್ರಿ!"

ಕೇರಿಯಲ್ಲಿ ಆಟ ನಡೆದಿತ್ತು. ಅರವತ್ತು ವರ್ಷದ ಒಬ್ಬ ಚಿನ್ನಿದಾಂಡು ಆಡುತ್ತಿದ್ದ. ಚಿನ್ನಿ ಹಾರಿ ನಾಗಣ್ಣನ ಕಾಲ ಹತ್ತಿರ ಬಿತ್ತು. ಮೊಮ್ಮಕ್ಕಳಿದ್ದ ಇಬ್ಬರು ಗೋಲಿಗಾಗಿ ಜಗಳಾಡಿ, ಮಾತು ಬಿಟ್ಟು, ಕಿರುಬೆರಳು ಕೂಡಿಸಿ ಮತ್ತೆ ಗೆಳೆತನ ಮಾಡಿಕೊಂಡರು. ಹಲ್ಲಿಲ್ಲದ ಮುದುಕನೊಬ್ಬ ಬೆಲ್ಲ ಬೇಕೆಂದು ಸೊಸೆಯ ಮುಂದೆ ಕಾಲು ಬಡಿದು ಅಳುತ್ತಿದ್ದ. ಅವನಿಗೆ ನಿಜವಾಗಿಯೂ ಬೆಲ್ಲ ಬೇಕಾಗಿತ್ತು. ಅವಳು ಕೊಡಲಿಲ್ಲ, ಮನೆಯಲ್ಲಿ ಇರಲಿಲ್ಲ. ಕೇರಿ ಕೂಲಿಗೆ ಹೋಗದೆ, ಒಂದು ಸೇರೂ ಇಲ್ಲದ ಮೂರನೆಯ ದಿನ ಅದು. ಒಲೆಗಳು ತಣ್ಣಗಿದ್ದವು. ತೊಪ್ಪಲು ಕುದಿಸಿ ಕುಡಿದ ಹುಡುಗರೆಲ್ಲ ಆಡುತ್ತಿದ್ದರು.

"ನಿಮಗ ಬುದ್ಧಿ ಇಲ್ಲೇನ್ರೋ?" ನಾಗಣ್ಣ ಅಂದ.

"ಹುಡುಗ್ರಿಗೆ ಎಲ್ಲಿ ಬುದ್ಧಿ ಮಾವ," ಅಂದ ಅಮೋಘ್ಯಾ. ಅವನು ಬೆನ್ನು ಮೇಲಾಗಿ ಮಲಗಿದ್ದ. ನಕ್ಕರೆ ಗಾಯದ ಹಕ್ಕಳೆ ಬಿರಿಯುತ್ತಿತ್ತು. ಆದರೂ ನಕ್ಕ.

ಕಲ್ಲು ಮಾತ್ರ ಬಾಗಿಲಲ್ಲೇ ಇತ್ತು. ಅಪ್ಪ ಅದನ್ನು ಹಾದು ಹೋಗುತ್ತಿದ್ದ, ಮಗ ಹಾದು ಹೋಗುತ್ತಿದ್ದ. ಮುಟ್ಟುವುದಿಲ್ಲ ಅಂದ ಮೇಲೆ ಮುಟ್ಟುವುದಿಲ್ಲ. ಇಬ್ಬರಿಗೂ ಅದೊಂದು ವ್ರತವಾಯಿತು. ಮಳೆಯ ನೀರು ಕಲ್ಲಿಗೆ ತಡೆದು ಮನೆಯೊಳಗೆ ತಿರುಗಿತು. ಒಲೆಯ ಮುಂದೆ ರಾಡಿ. ಮಾರನೆಯ ದಿನ ಮುಂಜಾನೆ ಭೀಮಬಾಯಿ ಕಸಬರಿಗೆ ಹಿಡಿದು ಬಾಗಿಲಿಗೆ ಬಂದಳು. ಅಪ್ಪ ಮಗನ ಕಡೆ ನೋಡಿದಳು. ಕಲ್ಲಿನ ಕಡೆ ನೋಡಿದಳು.

"ನೀವು ಆಳಾಗೂದ್ರಾಗ ನನ್ನ ಮನಿ ಹಳ್ಳ ಹಿಡೀತದ. ಸರೀರಿ."

ಸೀರೆಯ ಕಚ್ಚೆ ಬಿಗಿದಳು. ಕುಕ್ಕರಗಾಲಲ್ಲಿ ಕೂತಳು. ಕಲ್ಲನ್ನು ತೊಡೆಯ ಮೇಲೆ ಉರುಳಿಸಿಕೊಂಡಳು, ಹೊಟ್ಟೆಗೆ ಒತ್ತಿ ಹಿಡಿದಳು, ಒಂದು ಉಸಿರಿಗೆ ಎದ್ದಳು. ತುಂಬಿದ ಕೊಡ ಇಟ್ಟುಕೊಳ್ಳುವಂತೆ ಟೊಂಕದ ಮೇಲೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದಳು. ಗೋಡೆಯ ಪಕ್ಕ ಧಪ್ಪಂತ ಇಳಿಸಿದಳು. ಆಮೇಲೆ ಕಸ ಹೊಡೆದಳು.

ಅಮೋಘ್ಯಾನ ಬಾಯಿ ತೆರೆದಂತೆಯೇ ಇತ್ತು. ಆರು ವರ್ಷದ ಕನಸು ಅವನ ಅವ್ವನಿಗೆ ಕಸದ ಕೆಲಸವಾಗಿತ್ತು. ನಾಚಿಕೆಯಾಯಿತು. ಆ ಕಲ್ಲು ಎತ್ತಬೇಕೆಂಬ ಆಸೆ ಎಲ್ಲಿ ಹೋಯಿತೆಂದು ಹುಡುಕಿದ. ಸಿಗಲಿಲ್ಲ. ಎದ್ದು, ಅವ್ವನ ಕೈಯಿಂದ ಬುಟ್ಟಿ ತೆಗೆದುಕೊಂಡು ರಾಡಿ ತುಂಬತೊಡಗಿದ.

ಹುಣಸೆಮರದ ಹತ್ತಿರ ನಾಗಣ್ಣ ಎದೆ ಹಿಡಿದುಕೊಂಡು ನಿಂತಿದ್ದ. ಕಲ್ಲು ಕಾಯಲು ಗೌಡ ಅವನನ್ನೇ ನಿಲ್ಲಿಸಿದ್ದ.

"ಯವ್ವಾ ಭೀಮವ್ವಾ, ಏನ್ ಮಾಡಿದಿ! ಯಾರಿಗೂ ಹೇಳಬ್ಯಾಡ. ನಾ ನೋಡಿಲ್ಲ. ನಾ ಏನೂ ನೋಡಿಲ್ಲ."

ಭೀಮಬಾಯಿ ಕಸಬರಿಗೆ ಝಾಡಿಸಿದಳು.

"ನೋಡಿಲ್ಲೇನೋ ತಮ್ಮಾ? ಮತ್ತೊಮ್ಮಿ ಎತ್ತಲೇನು?"

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನೋಡಿಲ್ಲದ ನಾಗಣ್ಣನೇ ಹೇಳಿದ್ದ. ಗಂಜಲದ ಗಡಿಗೆ ಚೆಲ್ಲಿದರು. ತೊಳೆಯಬಹುದು, ಆದರೆ ತೊಳೆದು ಏನು ಮಾಡುವುದು? ಇನ್ನು ಆ ಕಲ್ಲನ್ನು ಎತ್ತಿದವನು ಗಂಡಸಲ್ಲ, ಕೇರಿಯ ಹೆಂಗಸಿಗೆ ಸಮ. ಎತ್ತಲಾರದವನ ಗತಿ ಕೇಳುವುದೇ ಬೇಡ. ಗೌಡ ಎರಡು ದಿನ ಉಣ್ಣಲಿಲ್ಲ. ಮದುವೆಗೆ ಗೊತ್ತುಮಾಡಿದ್ದ ದಿನ ಅಣವೀರ್ಯಾ ಕುಂಟುತ್ತ ಕಲಬುರ್ಗಿಗೆ ಹೋದ. ಜರಿ ರುಮಾಲು ಸುತ್ತಿಕೊಂಡು ಅಕ್ಕಿಕಾಳು ಹಾಕಿಸಿಕೊಂಡು ಅಣವೀರಪ್ಪನಾಗಿ ಬಂದ. ಕಮಲಾಪುರದಲ್ಲಿ ಕಲ್ಲು ಎತ್ತದೆ ರುಮಾಲು ಸುತ್ತಿದ ಮೊದಲ ಗಂಡಸು ಅವನೇ. ಆಕಾಶ ಬೀಳಲಿಲ್ಲ.

ಅಣವೀರಪ್ಪ ಬಂದ ಮರುದಿನ ಮುಂಜಾನೆ ಅಮೋಘ್ಯಾ ಜೋಳದ ಗಡಿಗೆಯಿಂದ ರುಮಾಲು ತೆಗೆದ. ಗಡಿಗೆಯಲ್ಲಿ ಅದೊಂದೇ ಇತ್ತು. ಕಲ್ಲಿನ ಮೇಲೆ ಕೂತು ಬಿಸಿಲು ಕಾಯುತ್ತಿದ್ದ ಅಪ್ಪನ ತಲೆಗೆ ಸುತ್ತಿದ.

"ನಿನಗೋ?" ಅಂದ ಅಪ್ಪ.

"ನನಗ ನನ್ನ ಹೆಸರು ಗೊತ್ತದ. ನೀ ಕೂಡು."

ಹೊಲದ ಹದ ಆರುತ್ತ ಬಂದಿತ್ತು. ಇನ್ನೆರಡು ದಿನ ಬಿಟ್ಟರೆ ಬಿತ್ತುವಂತಿರಲಿಲ್ಲ. ನಾಗಣ್ಣ ಬಂದ. ಈ ಸಲ ಹುಣಸೆಮರ ದಾಟಿ ನಾಲ್ಕು ಹೆಜ್ಜೆ ಒಳಗೇ ಬಂದ.

"ಏ ಹುಡುಗಾ ದೌಲ್ಯಾ!"

ಕಲ್ಲಿನ ಮೇಲೆ ಕೂತವನು ಅಲುಗಲಿಲ್ಲ. ಕೆಂಪು ರುಮಾಲು, ಬಿಳಿ ಮೀಸೆ, ಕಾಲಲ್ಲಿ ಕೆರ.

"ದೌಲ್ಯಾ, ಗೌಡ್ರು ಎರಡು ಸೇರು ಅಂದಾರ. ಎಲ್ಲಾರಿಗೂ. ಬರ್ರಿ ಇನ್ನ."

ಚಿನ್ನಿದಾಂಡು ನಿಂತಿತು. ಕೇರಿ ದೌಲ್ಯಾನ ಕಡೆ ನೋಡಿತು. ಅವನು ಹಳ್ಳದ ಕಡೆ ನೋಡುತ್ತಿದ್ದ. ನಾಗಣ್ಣ ಹಿಂದೆ ತಿರುಗಿ, ಊರ ಕಡೆಯಿಂದ ಯಾರಾದರೂ ಬಂದರೇನೋ ಎಂದು ನೋಡಿದ. ಯಾರೂ ಇರಲಿಲ್ಲ. ಕೆಮ್ಮಿದ. ಆಮೇಲೆ ಗಂಟಲೊಳಗೇ ಅಂದ:

"ದೌಲಪ್ಪಾ..."

ದೌಲಪ್ಪ ಕಿವಿಗೆ ಕೈ ಹಚ್ಚಿದ.

"ಜೋರಲೆ ಅನ್ನು ನಾಗಣ್ಣ. ವಯಸ್ಸಾಗ್ಯಾದ. ಕಿವಿ ಸಮ ಕೇಳಂಗಿಲ್ಲ."